ವಾಯು ಗುಣಮಟ್ಟ ಹಾಗೂ ಧೂಳುಮಬ್ಬು ನಿಯಂತ್ರಣ ಯೋಜನೆ: ಸಂಪನ್ಮೂಲ ಅಂದಾಜಿಸುವ ಕ್ರಮ

ಕೇಂದ್ರ ಸರ್ಕಾರವು 2019ರ ಜನವರಿಯಲ್ಲಿ ಆರಂಭಿಸಿದ ರಾಷ್ಟ್ರೀಯ ಶುದ್ಧ ವಾಯು ಕಾರ್ಯಕ್ರಮದಡಿ ಬೆಂಗಳೂರು, ಹುಬ್ಬಳ್ಳಿ-ಧಾರವಾಡ, ದಾವಣಗೆರೆ ಹಾಗೂ ಕಲಬುರಗಿ ನಗರಗಳನ್ನು ನಿಗದಿತ ಗುಣಮಟ್ಟ ತಲುಪದ ನಗರಗಳೆಂದು ಗುರುತಿಸಲಾಯಿತು. ಇಂತಹ ನಗರದ ಕ್ರಿಯಾ ಯೋಜನೆಗೆ ಎಷ್ಟು ಸಿಬ್ಬಂದಿ, ಉಪಕರಣ ಹಾಗೂ ಹಣ ಬೇಕೆಂಬುದನ್ನು ರಾಜ್ಯವು ಮುಂಚಿತವಾಗಿ ಅಂದಾಜಿಸತಕ್ಕದ್ದು. ಸಾರ್ವಜನಿಕರ ಹಾಗೂ ಮಾಲಿನ್ಯ ನಿಯಂತ್ರಣ ಮಂಡಳಿಯ ಸಮ್ಮತಿ ಪತ್ರ ಕೋರುವ ಅರ್ಜಿದಾರರ ಮಾಹಿತಿಗಾಗಿ ಸದರಿ ಕ್ರಮವನ್ನು ಇಲ್ಲಿ ವಿವರಿಸಲಾಗಿದೆ.

2009ರ ನವೆಂಬರ್ 18ರ ರಾಷ್ಟ್ರೀಯ ಮಾನದಂಡಗಳು 12 ಮಾಲಿನ್ಯಕಾರಕಗಳನ್ನು ಹೆಸರಿಸುತ್ತವೆ. ಧೂಳುಮಬ್ಬು ಅವುಗಳಲ್ಲಿ ಪ್ರತ್ಯೇಕವಾಗಿ ಸೇರಿಲ್ಲ. ಬೆಳಕನ್ನು ಚದುರಿಸಿ ದೂರದ ನೋಟವನ್ನು ಮಸುಕಾಗಿಸುವುದು ಮುಖ್ಯವಾಗಿ ಸೂಕ್ಷ್ಮ ಕಣಗಳು. ತೇವಾಂಶ ಹೀರಿ ಅವು ಇನ್ನಷ್ಟು ಹಿಗ್ಗುತ್ತವೆ. ಆದುದರಿಂದ ಮಬ್ಬಿನ ಲೆಕ್ಕಕ್ಕೆ ಪಿಎಂ 10 ಮಾಪನವೊಂದೇ ಸಾಲದು, ಪಿಎಂ 2.5, ಗಾಳಿಯ ವೇಗ ಹಾಗೂ ಆರ್ದ್ರತೆಯ ಮಾಪನಕ್ಕೂ ಹಣ ಕಾದಿರಿಸಬೇಕಾಗುತ್ತದೆ. ವಾರ್ಷಿಕ ಸರಾಸರಿ ಮಿತಿಯು ಘನ ಮೀಟರಿಗೆ ಪಿಎಂ 10ಕ್ಕೆ 60 ಹಾಗೂ ಪಿಎಂ 2.5ಕ್ಕೆ 40 ಮೈಕ್ರೋಗ್ರಾಂ ಆಗಿದೆ.

ಅಂದಾಜಿನಲ್ಲಿ ಹೆಚ್ಚಾಗಿ ತಪ್ಪುವುದು ಸಿಬ್ಬಂದಿಯ ಲೆಕ್ಕ. ಮಾನವಚಾಲಿತ ಕೇಂದ್ರದಲ್ಲಿ ವಾರಕ್ಕೆ ಎರಡು ಬಾರಿ, ಪ್ರತಿ ಬಾರಿ 24 ಗಂಟೆ, ವರ್ಷಕ್ಕೆ 104 ದಿನ ಮಾದರಿ ಸಂಗ್ರಹಿಸತಕ್ಕದ್ದು. ಕಣಗಳ ಶೋಧಕ ಕಾಗದವನ್ನು 8 ಗಂಟೆಗೊಮ್ಮೆ ಬದಲಿಸುವುದರಿಂದ ವರ್ಷಕ್ಕೆ 312 ಕಾಗದಗಳಾಗುತ್ತವೆ. ಪ್ರತಿಯೊಂದನ್ನೂ ಬಳಸುವ ಮೊದಲು ಹಾಗೂ ನಂತರ ತೂಗಬೇಕಾದುದರಿಂದ 624 ತೂಕಗಳು. ಗಂಧಕದ ಡೈಆಕ್ಸೈಡ್ ಹಾಗೂ ಸಾರಜನಕದ ಡೈಆಕ್ಸೈಡ್ ಮಾದರಿಗಳನ್ನು 4 ಗಂಟೆಗೊಮ್ಮೆ ತೆಗೆಯುವುದರಿಂದ 1,248 ವಿಶ್ಲೇಷಣೆಗಳು. ಬೆಳಿಗ್ಗೆ 6ಕ್ಕೆ ಆರಂಭಿಸಿದರೆ ರಾತ್ರಿ 2 ಗಂಟೆಗೂ ಒಬ್ಬರು ಮಹಡಿ ಏರಬೇಕು. ಕೇವಲ ಕ್ಷೇತ್ರ ಕಾರ್ಯಕ್ಕೇ 312 ಪಾಳಿಗಳು ಬೇಕು. ಭಾನುವಾರ, ಸಾರ್ವತ್ರಿಕ ರಜೆ, ಗಳಿಕೆ ರಜೆ ಕಳೆದರೆ ಒಬ್ಬ ನೌಕರನಿಂದ ಅಷ್ಟು ದೊರೆಯುವುದಿಲ್ಲ. "ಕೇಂದ್ರಕ್ಕೊಬ್ಬರು" ಎಂಬ ಅಂದಾಜು ಆರಂಭದಲ್ಲೇ ಕೊರತೆಯ ಅಂದಾಜು.

ನಿರಂತರ ಸ್ವಯಂಚಾಲಿತ ಕೇಂದ್ರಗಳಿಂದ ಈ ಶ್ರಮ ತಗ್ಗುತ್ತದೆ, ವೆಚ್ಚವಲ್ಲ. ವಾರ್ಷಿಕ ನಿರ್ವಹಣೆ, ಪ್ರಮಾಣೀಕರಣ ಅನಿಲ, ವಿದ್ಯುತ್ ಹಾಗೂ ಹವಾನಿಯಂತ್ರಣ ಪ್ರತಿ ವರ್ಷವೂ ಬರುವ ಆವರ್ತಕ ವೆಚ್ಚಗಳು. ವಾಯು ಗುಣಮಟ್ಟ ಸೂಚ್ಯಂಕಕ್ಕೆ ಕನಿಷ್ಠ ಮೂರು ಮಾಲಿನ್ಯಕಾರಕಗಳ ದತ್ತಾಂಶವಿರಬೇಕು, ಅವುಗಳಲ್ಲಿ ಒಂದು ಪಿಎಂ 10 ಅಥವಾ ಪಿಎಂ 2.5 ಆಗಿರಬೇಕು. ದಿನದಲ್ಲಿ ಕನಿಷ್ಠ 16 ಗಂಟೆಗಳ ದತ್ತಾಂಶವೂ ಅಗತ್ಯ. ಕಣಮಾಪಕಗಳು ಒಂಬತ್ತು ಗಂಟೆ ಸ್ಥಗಿತಗೊಂಡರೆ ಆ ಕೇಂದ್ರಕ್ಕೆ ಆ ದಿನದ ಸೂಚ್ಯಂಕವೇ ಇರುವುದಿಲ್ಲ. ಬಂಡವಾಳ ವೆಚ್ಚದ ಪ್ರಸ್ತಾವನೆ ಬೇಗ ಮಂಜೂರಾಗುತ್ತದೆ. ನಿರ್ವಹಣೆಯ ಕಡತವೇ ನಿಧಾನವಾಗಿ ಸಾಗುವುದು.

ಇದರಿಂದ ನಷ್ಟವೂ ಉಂಟು. 15ನೇ ಹಣಕಾಸು ಆಯೋಗವು 2021-22ರಿಂದ 2025-26ರ ಅವಧಿಗೆ ಹತ್ತು ಲಕ್ಷಕ್ಕೂ ಮೀರಿದ ಜನಸಂಖ್ಯೆಯ ನಗರಗಳಿಗೆ ಶಿಫಾರಸು ಮಾಡಿದ ವಾಯು ಗುಣಮಟ್ಟ ಅನುದಾನವನ್ನು ಸುಧಾರಣೆಯ ಫಲಿತಾಂಶಕ್ಕೆ ಒಳಪಡಿಸಲಾಗಿತ್ತು. ಬೆಂಗಳೂರು ಈ ವರ್ಗಕ್ಕೆ ಸೇರಿತ್ತು. ಮಾಪನದಲ್ಲಿ ಕಾಣದ ಸುಧಾರಣೆಗೆ ಅನುದಾನ ಕೇಳಲಾಗದು.

ಹೊರಸೂಸುವಿಕೆಯ ಪಟ್ಟಿ ತಯಾರಿಸಲು ಅರ್ಜಿಗಳೇ ಮೊದಲ ಆಕರ. ಭತ್ತದ ಹೊಟ್ಟು ಉರಿಸುವ ಗಿರಣಿಯವರು ಬಾಯ್ಲರ್ ಸಾಮರ್ಥ್ಯ ನಮೂದಿಸಿ ಇಂಧನದ ಪ್ರಮಾಣವನ್ನು ಖಾಲಿ ಬಿಟ್ಟರೆ, ಅದನ್ನು ತಿಳಿಯಲು ಸ್ಥಳ ಪರಿಶೀಲನೆ ಅನಿವಾರ್ಯ. ಅದರ ಸಮಯ ಹಾಗೂ ವಾಹನ ವೆಚ್ಚವೂ ಇದೇ ಅಂದಾಜಿಗೆ ಸೇರುತ್ತದೆ. ಸಣ್ಣ ಮಂಡಕ್ಕಿ ಭಟ್ಟಿ, ರಸ್ತೆ ಧೂಳು, ಕಸ ಸುಡುವಿಕೆಗಳಿಗೆ ಹೇಗೂ ಕ್ಷೇತ್ರ ಸಮೀಕ್ಷೆ ಬೇಕಾಗುತ್ತದೆ. ಆದಕಾರಣ ಅರ್ಜಿದಾರರು ಇಂಧನದ ವಿಧ, ದಿನವೊಂದರ ಬಳಕೆ, ಚಿಮಣಿಯ ಎತ್ತರ ಹಾಗೂ ಡೀಸೆಲ್ ಜನರೇಟರ್ ವಾಸ್ತವವಾಗಿ ನಡೆಯುವ ಗಂಟೆಗಳನ್ನು ತಪ್ಪದೆ ನಮೂದಿಸತಕ್ಕದ್ದು.