ತೂಬು ಕಾಯುವವರು

ನಮ್ಮ ಜನ ವಿದ್ಯುತ್ತಿಗೆ ಇಟ್ಟುಕೊಂಡಿರುವ ಹೆಸರು ಒಂದೇ: ಕರೆಂಟು. ಕರೆಂಟು ಬಂತು, ಕರೆಂಟು ಹೋಯಿತು, ಕರೆಂಟು ಹೊಡೆಯಿತು. ವೋಲ್ಟೇಜು ಎಂಬ ಮಾತು ನಮ್ಮ ಬಾಯಿಗೆ ಬರುವುದು ಬಲ್ಬು ಮಂಕಾದಾಗ ಮಾತ್ರ. ಎಂಜಿನಿಯರುಗಳು ಇದನ್ನು ಕೇಳಿ ನಗುವುದುಂಟು. ಆದರೆ ರೇಡಿಯೋ, ಕಂಪ್ಯೂಟರುಗಳ ಹೊಟ್ಟೆಯಲ್ಲಿ ಕುಳಿತ ಪವರ್ ಸಪ್ಲೈಗಳ ಚರಿತ್ರೆಯನ್ನು ನೋಡಿದರೆ ನಗುವ ಸರದಿ ನಮ್ಮದು ಎನ್ನಿಸುತ್ತದೆ. ಅವರು ಬಹುಕಾಲ ವೋಲ್ಟೇಜನ್ನೇ ಕಾಯುತ್ತ ಕುಳಿತಿದ್ದರು. ಮನೆ ಸುಡುತ್ತಿದ್ದದ್ದು ಕರೆಂಟು.

ಕೆರೆಯ ಹೋಲಿಕೆ ಇಲ್ಲಿ ಚೆನ್ನಾಗಿ ಹೊಂದುತ್ತದೆ. ಕೆರೆಯಲ್ಲಿ ನೀರು ಎಷ್ಟು ಎತ್ತರ ನಿಂತಿದೆಯೋ ಅದು ವೋಲ್ಟೇಜು. ತೂಬಿನಿಂದ ಎಷ್ಟು ಹರಿಯುತ್ತಿದೆಯೋ ಅದು ಕರೆಂಟು. ಕೋಲಾರದ ಕಡೆಯ ಊರುಗಳಲ್ಲಿ ನೀರಗಂಟಿ ಎಂಬುವನಿದ್ದ. ತೂಬು ಎತ್ತುವುದು, ಇಳಿಸುವುದು, ಯಾರ ಗದ್ದೆಗೆ ಎಷ್ಟು ನೀರು ಎಂದು ನೋಡುವುದು ಅವನ ಕೆಲಸ. ಕೆರೆ ತುಂಬಿದೆಯೋ ಇಲ್ಲವೋ ಎಂದು ಮಾತ್ರ ನೋಡಿ, ಹರಿವನ್ನು ನೋಡದ ನೀರಗಂಟಿಯನ್ನು ಯಾವ ಊರೂ ಇಟ್ಟುಕೊಳ್ಳುತ್ತಿರಲಿಲ್ಲ.

ಹಳೆಯ ಬಗೆಯ ಪವರ್ ಸಪ್ಲೈ ತೂಬನ್ನು ಅರ್ಧ ತೆರೆದಿಟ್ಟಂತೆ ಕೆಲಸ ಮಾಡುತ್ತಿತ್ತು. ನಡುವೆ ಒಂದು ಟ್ರಾನ್ಸಿಸ್ಟರನ್ನು ನಿಲ್ಲಿಸಿ, ಹೆಚ್ಚಾದ ವೋಲ್ಟೇಜನ್ನೆಲ್ಲ ಅದರ ಮೈಮೇಲೆ ಹೇರಿಬಿಡುವುದು. 12 ವೋಲ್ಟಿನಿಂದ 5 ವೋಲ್ಟು ಮಾಡಿ 10 ಆಂಪಿಯರ್ ಕೊಡಬೇಕೆಂದರೆ ಕೆಲಸಕ್ಕೆ ದಕ್ಕುವುದು 50 ವ್ಯಾಟ್, ಬಿಸಿಯಾಗಿ ಹೋಗುವುದು 70 ವ್ಯಾಟ್. ಉಣ್ಣುವವನಿಗಿಂತ ಬಡಿಸುವವನೇ ಹೆಚ್ಚು ತಿಂದಂತೆ.

ಸ್ವಿಚಿಂಗ್ ವಿಧಾನದ ಜಾಣ್ಮೆ ಬೇರೆ. ತೂಬನ್ನು ಪೂರ್ತಿ ತೆರೆ, ಪೂರ್ತಿ ಮುಚ್ಚು. ಹೀಗೆ ಸೆಕೆಂಡಿಗೆ ಸಾವಿರಾರು ಸಲ. ತೆರೆದಾಗ ತಡೆಯಿಲ್ಲ, ಮುಚ್ಚಿದಾಗ ಹರಿವಿಲ್ಲ. ಎರಡರಲ್ಲೂ ಬಿಸಿ ಕಡಿಮೆ. ಬಿಟ್ಟು ಬಿಟ್ಟು ಬರುವ ಹರಿವನ್ನು ತಂತಿಯ ಸುರುಳಿಯೂ ಕೆಪಾಸಿಟರೂ ಸೇರಿ ಸಮ ಮಾಡುತ್ತವೆ. ಇದರ ಅಜ್ಜ 1930ರ ದಶಕದ ಕಾರಿನ ರೇಡಿಯೋದಲ್ಲಿತ್ತು. ಬ್ಯಾಟರಿಯ 6 ವೋಲ್ಟನ್ನು ವಾಲ್ವುಗಳಿಗೆ ಬೇಕಾದಷ್ಟು ಏರಿಸಲು ವೈಬ್ರೇಟರ್ ಎಂಬ ಕಬ್ಬಿಣದ ನಾಲಗೆ ಜೀರುಂಡೆಯಂತೆ ಗುಂಯ್‌ಗುಡುತ್ತ ಸಂಪರ್ಕವನ್ನು ಕೂಡಿಸಿ ಬಿಡಿಸುತ್ತಿತ್ತು. ಟ್ರಾನ್ಸಿಸ್ಟರು ಬಂದ ಮೇಲೆ ನಾಲಗೆ ಬೇಡವಾಯಿತು. 1960ರ ದಶಕದಲ್ಲಿ ಚಂದ್ರನ ಕಡೆಗೆ ಹೊರಟ ಅಪೋಲೋ ನೌಕೆಯ ಕಂಪ್ಯೂಟರಿಗೆ ವಿದ್ಯುತ್ ಕೊಟ್ಟದ್ದು ಸ್ವಿಚಿಂಗ್ ಸಪ್ಲೈಯೇ.

ಈ ಚರಿತ್ರೆಯಲ್ಲಿ ಎಲ್ಲರಿಗೂ ಗೊತ್ತಿರುವ ಒಂದೇ ಹೆಸರು 1977ರ ಆಪಲ್ 2 ಕಂಪ್ಯೂಟರಿಗೆ ಸಪ್ಲೈ ಮಾಡಿಕೊಟ್ಟ ರಾಡ್ ಹೋಲ್ಟ್ ಅವರದು. 2011ರಲ್ಲಿ ಬಂದ ಐಸಾಕ್ಸನ್ ಬರೆದ ಜೀವನಚರಿತ್ರೆಯಲ್ಲಿ, ಎಲ್ಲ ಕಂಪ್ಯೂಟರುಗಳೂ ಹೋಲ್ಟ್ ವಿನ್ಯಾಸವನ್ನೇ ನಕಲು ಮಾಡಿದವು ಎಂದು ಸ್ಟೀವ್ ಜಾಬ್ಸ್ ಹೇಳಿದ್ದಾರೆ. ಹೋಲ್ಟ್ ಕೆಲಸ ಅಚ್ಚುಕಟ್ಟಾದದ್ದು ನಿಜ. ಆದರೆ ದಾರಿ ಅದಾಗಲೇ ಸವೆದಿತ್ತು. ಅದಕ್ಕೆ ಒಂದು ವರ್ಷ ಮೊದಲೇ, 1976ರಲ್ಲಿ, ಸಿಲಿಕಾನ್ ಜನರಲ್ ಕಂಪನಿಯ ರಾಬರ್ಟ್ ಮಮಾನೊ ತೂಬು ತೆರೆದು ಮುಚ್ಚುವ ಲೆಕ್ಕವನ್ನೆಲ್ಲ ಒಂದೇ ಚಿಪ್ಪಿನೊಳಗೆ ಕೂರಿಸಿದ್ದರು. ಎಸ್‌ಜಿ1524 ಎಂದು ಅದರ ಹೆಸರು.

ಇಷ್ಟಾದರೂ ಅಡಿಪಾಯದಲ್ಲೊಂದು ಬಿರುಕಿತ್ತು. ಈ ಸಪ್ಲೈಗಳು ಮುಖ್ಯವಾಗಿ ನೋಡುತ್ತಿದ್ದದ್ದು ಹೊರಗಿನ ವೋಲ್ಟೇಜನ್ನು. ಅದು ಇಳಿದರೆ ತೂಬನ್ನು ಹೆಚ್ಚು ಹೊತ್ತು ತೆರೆ, ಏರಿದರೆ ಕಡಿಮೆ ಹೊತ್ತು. ಈಗ ಹೊರಗೆಲ್ಲೋ ಎರಡು ತಂತಿ ಅಂಟಿ ಶಾರ್ಟ್ ಆಯಿತೆನ್ನಿ. ವೋಲ್ಟೇಜು ಸೊನ್ನೆಗೆ ಕುಸಿಯುತ್ತದೆ. ಕಾವಲುಗಾರ ಅದನ್ನು ನೋಡಿ, ಪಾಪ, ಗದ್ದೆಗೆ ನೀರು ಸಾಲುತ್ತಿಲ್ಲವೆಂದು ತಿಳಿದು, ಆದಷ್ಟೂ ತೆರೆದುಬಿಡುತ್ತಾನೆ. ಕಟ್ಟೆ ಒಡೆದಿರುವುದು ಅವನಿಗೆ ಕಾಣುವುದೇ ಇಲ್ಲ. ಕರೆಂಟನ್ನು ತಡೆಯಲು 1524ರಲ್ಲೂ ಒಂದು ಏರ್ಪಾಟು ಇತ್ತು. ಆದರೆ ಅದು ಅವಘಡಕ್ಕೆಂದು ಇಟ್ಟ ಪಕ್ಕದ ಕಾವಲು. ಫ್ಯೂಸಂತೂ ಇನ್ನೂ ನಿಧಾನ. ಫ್ಯೂಸನ್ನು ಉಳಿಸಲು ಟ್ರಾನ್ಸಿಸ್ಟರು ಪ್ರಾಣ ಕೊಡುತ್ತದೆ ಎಂಬುದು ರಿಪೇರಿಯವರ ಹಳೆಯ ಹಾಸ್ಯ.

ನೋಟ ಬದಲಿಸಿದವರಲ್ಲಿ ಒಬ್ಬರು ಬೆಲ್ ಲ್ಯಾಬ್ಸ್‌ನ ಸೆಸಿಲ್ ಡೈಶ್. 1978ರಲ್ಲಿ ಅವರು ಮಂಡಿಸಿದ ಪ್ರಬಂಧದ ಸಾರ ಸರಳವಾದದ್ದು. ಪ್ರತಿ ಸಲ ತೂಬು ತೆರೆದಾಗಲೂ ಸುರುಳಿಯಲ್ಲಿ ಕರೆಂಟು ಏರುತ್ತ ಹೋಗುತ್ತದೆ. ಅದು ಗೊತ್ತುಮಾಡಿದ ಗೆರೆ ಮುಟ್ಟಿದ ಕ್ಷಣವೇ ಮುಚ್ಚಿಬಿಡಿ. ವೋಲ್ಟೇಜನ್ನು ನೋಡುವವನ ಕೆಲಸ ಆ ಗೆರೆಯನ್ನು ಮೇಲೆ ಕೆಳಗೆ ಸರಿಸುವುದಷ್ಟೆ. ಅಂದರೆ ಕರೆಂಟಿನ ಕಾವಲು ಅವಘಡಕ್ಕೆಂದು ಕಾದಿರುವುದಲ್ಲ, ದಿನದ ಕೆಲಸವೇ ಅದು. ಗೆರೆಗೆ ಒಂದು ಮೇಲ್ಮಿತಿ ಇಟ್ಟರೆ ಎಂಥ ಶಾರ್ಟ್ ಆದರೂ ಒಂದೇ ಬಡಿತದಲ್ಲಿ ತೂಬು ಮುಚ್ಚುತ್ತದೆ. ಇನ್ನೊಂದು ಲಾಭವೂ ಸಿಕ್ಕಿತು. ಎರಡು ಮೂರು ಸಪ್ಲೈಗಳಿಗೆ ಒಂದೇ ಗೆರೆ ಕೊಟ್ಟರೆ ಅವು ಜೋಡೆತ್ತುಗಳಂತೆ ಹೊರೆಯನ್ನು ಹಂಚಿಕೊಂಡು ಎಳೆಯುತ್ತವೆ.

ಒಂದು ತೊಡಕು ಮಾತ್ರ ಇತ್ತು. ತೂಬು ಅರ್ಧಕ್ಕಿಂತ ಹೆಚ್ಚು ಹೊತ್ತು ತೆರೆದಿರಬೇಕಾದಾಗ ಈ ಏರ್ಪಾಟು ತತ್ತರಿಸುತ್ತದೆ: ಒಂದು ಬಡಿತ ಉದ್ದ, ಮುಂದಿನದು ಗಿಡ್ಡ, ಮತ್ತೆ ಉದ್ದ. ಪ್ರತಿ ಬಡಿತದಲ್ಲೂ ಹೊತ್ತು ಕಳೆದಂತೆ ಆ ಗೆರೆಯನ್ನು ತುಸು ತುಸುವೇ ಇಳಿಸುತ್ತ ಬಂದರೆ ತತ್ತರ ನಿಲ್ಲುತ್ತದೆ. ಅಮೆರಿಕದ ಕ್ಯಾಲ್ಟೆಕ್‌ನಲ್ಲಿ ಮಿಡಲ್‌ಬ್ರೂಕ್ ಅವರ ಬಳಗ 1979ರಲ್ಲಿ ಇದರ ಗಣಿತವನ್ನು ಬಿಡಿಸಿತು. ಅದೇ ಕ್ಯಾಲ್ಟೆಕ್‌ನಲ್ಲಿ ಸಂಶೋಧನೆ ಮಾಡಿದ ವಿ. ರಾಮನಾರಾಯಣನ್ ಮುಂದೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಈ ವಿದ್ಯೆಯನ್ನು ಕಲಿಸಿದರು.

1980ರ ದಶಕದಲ್ಲಿ ಯೂನಿಟ್ರೋಡ್ ಕಂಪನಿ ಇದನ್ನೆಲ್ಲ ಎಂಟು ಕಾಲಿನ ಪುಟ್ಟ ಚಿಪ್ಪಿಗೆ ಇಳಿಸಿತು. ಅದೇ ಯುಸಿ3842. ಟ್ರಾನ್ಸಿಸ್ಟರಿನ ಕಾಲಿಗೆ ಒಂದು ಸಣ್ಣ ರೆಸಿಸ್ಟರು ಕಟ್ಟಿ, ಅದರ ಮೇಲಿನ ವೋಲ್ಟೇಜನ್ನು ಈ ಚಿಪ್ಪು ನೋಡುತ್ತದೆ. 1 ವೋಲ್ಟು ಮುಟ್ಟಿತೋ, ಆ ಬಡಿತ ಮುಗಿಯಿತು. ಅರ್ಧ ಓಮ್ ರೆಸಿಸ್ಟರಾದರೆ 2 ಆಂಪಿಯರಿಗೆ ಬಾಗಿಲು ಬಂದ್.

ಆ ರೆಸಿಸ್ಟರಿನ ಬೆಲೆ ನಾಲ್ಕಾಣೆಯೋ ಎಂಟಾಣೆಯೋ ಇದ್ದ ಕಾಲದಲ್ಲಿ ನಮ್ಮ ಪೇಟೆಯ ಒಬ್ಬ ಹಿರಿಯ ರಿಪೇರಿಯವರ ಅಂಗಡಿಗೆ ಒಂದು ಕಂಪ್ಯೂಟರ್ ಮಾನಿಟರು ಬಂದಿತ್ತು. ಬಿಚ್ಚಿದರೆ ಟ್ರಾನ್ಸಿಸ್ಟರು ಸೀಳಿತ್ತು, ಚಿಪ್ಪಿನ ಬೆನ್ನಿನಲ್ಲಿ ತೂತು ಬಿದ್ದಿತ್ತು. ಹಿಂದೆ ಯಾರೋ ಸುಟ್ಟ ರೆಸಿಸ್ಟರಿಗೆ ಬದಲು ಸಿಕ್ಕದೆ ಒಂದು ತುಂಡು ತಂತಿ ಬೆಸೆದಿದ್ದರು. “ನೋಡಿ ಸಾರ್, ಸೆಟ್ಟು ಅವತ್ತು ಓಡಿರುತ್ತೆ, ದುಡ್ಡೂ ಕೊಟ್ಟಿರ್ತಾರೆ. ಕಾವಲು ಹೋಗಿದ್ದು ಯಾರಿಗೂ ಕಾಣಲ್ಲ” ಎಂದರು ಅವರು. ಪಠ್ಯಪುಸ್ತಕಗಳಲ್ಲಿ ಪುಟಗಟ್ಟಲೆ ಬರೆದದ್ದನ್ನು ಅವರು ಆ ಎರಡು ಮಾತಿನಲ್ಲಿ ಹೇಳಿದ್ದರು.

ಆಮೇಲೆ ಮೊಬೈಲಿನ ಕಾಲ ಬಂತು. ತೂಬಿನ ಬಾಯಲ್ಲಿ ಗರಿಷ್ಠ ಕರೆಂಟನ್ನು ಹಿಡಿದರೆ ಸಾಲದು, ಹೊರಗೆ ಬ್ಯಾಟರಿಗೆ ಸೇರುವ ಕರೆಂಟೇ ಸ್ಥಿರವಾಗಿರಬೇಕು. ಚಾರ್ಜರಿನ ಹೊರಬದಿಗೂ ಗೋಡೆಯ 230 ವೋಲ್ಟಿಗೂ ನಡುವೆ ಟ್ರಾನ್ಸ್‌ಫಾರ್ಮರು ತಡೆಗೋಡೆಯಾಗಿ ನಿಂತಿರುತ್ತದೆ. ಆಚೆಯದನ್ನು ಈಚೆಯಿಂದ ಅಳೆಯುವುದು ಹೇಗೆ? ಗರಿಷ್ಠ ಕರೆಂಟು ಎಷ್ಟಿತ್ತು, ಪ್ರತಿ ಬಡಿತದ ನಂತರ ಸುರುಳಿ ಬರಿದಾಗಲು ಎಷ್ಟು ಹೊತ್ತು ಹಿಡಿಯಿತು, ಈ ಎರಡರಿಂದ ಈಚೆ ಕುಳಿತೇ ಲೆಕ್ಕ ಹಾಕುವ ಚಿಪ್ಪುಗಳು ಬಂದವು.

ಎಲ್‌ಇಡಿ ಬಲ್ಬಿಗೆ ಇದೇ ಜೀವಾಳ. ವೋಲ್ಟೇಜು ಕೂದಲೆಳೆಯಷ್ಟು ಹೆಚ್ಚಿದರೆ ಎಲ್‌ಇಡಿಯ ಕರೆಂಟು ಜಿಗಿಯುತ್ತದೆ. 2015ರಲ್ಲಿ ಕೇಂದ್ರದ ಉಜಾಲಾ ಯೋಜನೆ ಶುರುವಾಗಿ, ಕರ್ನಾಟಕದಲ್ಲಿ ಅದು ಹೊಸ ಬೆಳಕು ಎಂಬ ಹೆಸರಿನಲ್ಲಿ ಬಂತು. ದೇಶದಲ್ಲಿ ಒಟ್ಟು 36 ಕೋಟಿಗೂ ಮಿಕ್ಕಿ ಬಲ್ಬುಗಳು ಈ ಯೋಜನೆಯಲ್ಲಿ ಹಂಚಿಕೆಯಾದವು. ಪಂಪ್‌ಸೆಟ್ಟುಗಳು ಓಡುವ ಹೊತ್ತಿಗೆ ಲೈನು ಕುಸಿಯುವ, ಅವು ನಿಂತೊಡನೆ ಏರುವ ನಮ್ಮ ಹಳ್ಳಿಗಳಲ್ಲಿ, ಕರೆಂಟು ಕಾಯುವ ಡ್ರೈವರ್ ಇರುವ ಬಲ್ಬು ಒಂದೇ ಬೆಳಕು ಕೊಡುತ್ತದೆ. ಬರೀ ಒಂದು ಕೆಪಾಸಿಟರು ಹಾಕಿದ ಅಗ್ಗದ ಬಲ್ಬು ಲೈನಿನ ಜೊತೆ ತಾನೂ ಏಳುತ್ತ ಬೀಳುತ್ತ, ಕಣ್ಣು ಮಿಟುಕಿಸುತ್ತ, ಬೇಗ ಕಣ್ಣು ಮುಚ್ಚುತ್ತದೆ. ಹೊರಗಿನಿಂದ ಎರಡೂ ಒಂದೇ ಬಿಳಿ ಬುರುಡೆ. ಅಂಗಡಿಯಲ್ಲಿ ನಿಂತ ಬಡವ ಯಾವುದನ್ನು ನೋಡಿ ಆರಿಸಬೇಕು? ಡಬ್ಬಿಯ ಮೇಲೆ ವ್ಯಾಟು, ಬೆಲೆ ಎರಡೂ ಇರುತ್ತವೆ. ಒಳಗೆ ಕಾವಲು ಉಂಟೋ ಇಲ್ಲವೋ ಎಂದು ಬರೆದಿರುವುದು ಅಪರೂಪ. ಅದನ್ನು ಅವನಿಗೆ ಹೇಳುವುದು ಬಲ್ಬೇ, ಅದೂ ಸತ್ತ ಮೇಲೆ.