1784ರ ಬೂದಿ ಬುಧವಾರ: ಕೆನರಾ ಕ್ರೈಸ್ತರ ಸೆರೆಯ ದಿನಾಂಕ ಕುರಿತು ಒಂದು ಮರುಪರಿಶೀಲನೆ

ಟಿಪ್ಪು ಸುಲ್ತಾನನ ಆಜ್ಞೆಯಂತೆ ಕೆನರಾದ ಕ್ಯಾಥೊಲಿಕರನ್ನು ಸೆರೆಹಿಡಿದು, ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. 1799ರ ಮೇ 4ರಂದು ಆ ಕೋಟೆ ಬಿದ್ದ ಮೇಲೆ ಉಳಿದವರಲ್ಲಿ ಹಲವರು ಊರಿಗೆ ಮರಳಿದರು. ಎರಡನೇ ಮೈಸೂರು ಯುದ್ಧದಲ್ಲಿ ಬ್ರಿಟಿಷರಿಗೆ ನೆರವಾದರೆಂಬುದು ಅವರ ಮೇಲಿದ್ದ ಆರೋಪ. ಇಷ್ಟರಲ್ಲಿ ವಿವಾದವಿಲ್ಲ. ಸೆರೆಯಾದವರ ಸಂಖ್ಯೆ ಟಿಪ್ಪುವಿನ ಸೆರೆಯಲ್ಲಿದ್ದ ಬ್ರಿಟಿಷ್ ನಾವಿಕ ಜೇಮ್ಸ್ ಸ್ಕರಿ ಹೇಳಿದ 30,000ದಿಂದ ಬಹುಮಂದಿ ಉಲ್ಲೇಖಿಸುವ 60,000ದವರೆಗೆ ಹೊಯ್ದಾಡುತ್ತದೆ. ಸೆವೆರಿನ್ ಸಿಲ್ವ, ಅಲನ್ ಮಚಾದೊ ಪ್ರಭು ಮೊದಲಾದವರು ಈ ಸೆರೆಯ ಚರಿತ್ರೆಯನ್ನು ವಿವರವಾಗಿ ಬರೆದಿರುವುದರಿಂದ ಅದನ್ನೆಲ್ಲ ಇಲ್ಲಿ ಮರಳಿ ಹೇಳುವುದಿಲ್ಲ.

ನನ್ನ ತಕರಾರು ದಿನಾಂಕದ ಬಗ್ಗೆ. ‘1784ರ ಫೆಬ್ರವರಿ 24, ಬೂದಿ ಬುಧವಾರ’ ಎಂದು ಬರೆಯುವುದು ರೂಢಿ. ಆದರೆ ಆ ವರ್ಷ ಪಾಸ್ಕ ಹಬ್ಬ ಬಂದದ್ದು ಏಪ್ರಿಲ್ 11ರಂದು. ಅಲ್ಲಿಂದ 46 ದಿನ ಹಿಂದಕ್ಕೆ ಎಣಿಸಿದರೆ ತಪಸ್ಸುಕಾಲದ ಮೊದಲ ದಿನವಾದ ಬೂದಿ ಬುಧವಾರ ಫೆಬ್ರವರಿ 25ಕ್ಕೆ ಬೀಳುತ್ತದೆ, 24 ಮಂಗಳವಾರ. ಪೋರ್ಚುಗೀಸರು 1582ರಿಂದ, ಬ್ರಿಟಿಷರು 1752ರಿಂದ ಒಂದೇ ಪಂಚಾಂಗ ಬಳಸುತ್ತಿದ್ದುದರಿಂದ ಹಳೆಯ, ಹೊಸ ಲೆಕ್ಕಗಳ ಗೊಂದಲವೆಂದು ಇದನ್ನು ತಳ್ಳಿಹಾಕುವಂತಿಲ್ಲ.

ಹಾಗಾದರೆ ತಪ್ಪಿದ್ದು ಅಂಕಿಯೋ ಹಬ್ಬವೋ? 1784 ಅಧಿಕ ವರ್ಷ. ಅದನ್ನು ಮರೆತು, ಫೆಬ್ರವರಿಗೆ 28 ದಿನವೆಂದೇ ಹಿಡಿದು ಪಾಸ್ಕದಿಂದ ಹಿಂದಕ್ಕೆ ಎಣಿಸಿದರೆ ಸಿಗುವುದು ಸರಿಯಾಗಿ ಫೆಬ್ರವರಿ 24. ಹೀಗಾಗಿ, ಜನರ ನೆನಪಿನಲ್ಲಿ ಉಳಿದದ್ದು ಬೂದಿ ಬುಧವಾರ, ಅಂಕಿ ಆಮೇಲೆ ಯಾರೋ ಲೆಕ್ಕಹಾಕಿ ಸೇರಿಸಿದ್ದು ಎಂಬುದು ನನ್ನ ಊಹೆ. ಇದು ಊಹೆಯೇ ಹೊರತು ಸಿದ್ಧಾಂತವಲ್ಲ. ಆಜ್ಞೆ ಮಂಗಳವಾರ ರಾತ್ರಿ ಜಾರಿಯಾಗಿದ್ದರೆ ಸೂರ್ಯಾಸ್ತಕ್ಕೆ ದಿನ ಬದಲಾಗುವ ಹಿಜರಿ ಎಣಿಕೆಯಲ್ಲಿ ಅದು ಬುಧವಾರವೇ. ಆಗ ಅಂಕಿಯೂ ಹಬ್ಬವೂ ಎರಡೂ ನಿಲ್ಲುತ್ತವೆ. ಇಡೀ ಕೆನರಾದಲ್ಲಿ ಬಂಧನ ಒಂದೇ ದಿನದಲ್ಲಿ ಮುಗಿದಿರಲಿಕ್ಕೂ ಇಲ್ಲ.

ಇನ್ನೊಂದು ಆಕ್ಷೇಪವನ್ನು ಗಂಭೀರವಾಗಿ ಪರಿಗಣಿಸಬೇಕು. ಮಂಗಳವಾರದ ಘಟನೆಗೆ ಅರ್ಥ ಕೊಡಲೆಂದು ಸಮುದಾಯವೇ ಅದನ್ನು ಬುಧವಾರಕ್ಕೆ ಸರಿಸಿರಬಹುದಲ್ಲವೇ? ಸರಿಸಿರಬಹುದು. ಆದರೆ ಹಬ್ಬಕ್ಕೆ ಹೊಂದಿಸುವ ಚಾಳಿ ಇದ್ದಿದ್ದರೆ ಬಿಡುಗಡೆಗೂ ಹಾಗೆಯೇ ಆಗಬೇಕಿತ್ತು. 1799ರಲ್ಲಿ ಪಾಸ್ಕ ಮಾರ್ಚ್ 24ಕ್ಕೆ ಬಂದಿತ್ತು, ಸ್ವರ್ಗಾರೋಹಣದ ಹಬ್ಬ ಮೇ 2ಕ್ಕೆ. ಕೋಟೆ ಬಿದ್ದದ್ದು ಅದಾಗಿ ಎರಡು ದಿನಕ್ಕೆ. ಇಷ್ಟು ಹತ್ತಿರವಿದ್ದ ಹಬ್ಬವನ್ನು ಪರಂಪರೆ ಬಿಡುಗಡೆಗೆ ಜೋಡಿಸಿಕೊಂಡಂತೆ ಕಾಣುವುದಿಲ್ಲ.

ಒಂದು ದಿನದ ವ್ಯತ್ಯಾಸಕ್ಕೆ ಇಷ್ಟು ಚರ್ಚೆ ಯಾಕೆಂದರೆ, ಆ ಜನರ ಸಹನೆ ಎಂಥದೆಂಬುದು ಇದರಲ್ಲಿದೆ. ಇಗರ್ಜಿಗಳು ನೆಲಸಮವಾದವು, ಪಾದ್ರಿಗಳನ್ನು ಹೊರಗಟ್ಟಲಾಯಿತು. ಹಣೆಗೆ ಬೂದಿ ಹಚ್ಚುವವರಿಲ್ಲದ ತಪಸ್ಸುಕಾಲಗಳು ವರ್ಷವರ್ಷವೂ ಬಂದವು. ಆದರೂ ತಮ್ಮ ದುಃಖದ ಮೊದಲ ದಿನವನ್ನು ಅವರು ಸುಲ್ತಾನನ ಆಳ್ವಿಕೆಯ ವರ್ಷದಿಂದ ಗುರುತಿಸದೆ ತಪಸ್ಸುಕಾಲದ ಮೊದಲ ದಿನದಿಂದ ಗುರುತಿಸಿದರು. ಬೂದಿಯಿಂದ ಶುರುವಾಗುವ ಆ ಕಾಲ ಪಾಸ್ಕಕ್ಕೆ ಮುಟ್ಟದೆ ನಿಲ್ಲುವುದಿಲ್ಲ. ಈ ನಂಬಿಕೆಯನ್ನು ಸೆರೆಯಲ್ಲಿದ್ದ ಎಲ್ಲರೂ ಮಾತಿನಲ್ಲಿ ಹೇಳಿಕೊಂಡಿದ್ದರೆಂದು ನಾನು ವಾದಿಸುವುದಿಲ್ಲ; ಬದುಕಿ ಬಂದವರ ಮಕ್ಕಳು, ಮೊಮ್ಮಕ್ಕಳು ತಮ್ಮ ಹಿರಿಯರ ಸಂಕಟವನ್ನು ಇದರ ಮೂಲಕ ಅರ್ಥಮಾಡಿಕೊಂಡಿರಬಹುದು. ಹಾಗಿದ್ದರೂ ಅದು ಭರವಸೆಯೇ.

ದಿನಾಂಕದ ಪ್ರಶ್ನೆಯನ್ನು ಇತ್ಯರ್ಥಗೊಳಿಸಬಲ್ಲ ದಾಖಲೆಗಳನ್ನು ಚೆನ್ನೈಯಲ್ಲಿಯೂ ಹುಡುಕಬೇಕು. ಸೆರೆಯ ಆ ದಿನಗಳಲ್ಲಿ ಟಿಪ್ಪುವಿನೊಂದಿಗಿನ ಸಂಧಿಗಾಗಿ ಮದರಾಸು ಸರಕಾರದ ಆಯುಕ್ತರು ಮಂಗಳೂರಿನಲ್ಲಿಯೇ ಇದ್ದರು. ಒಪ್ಪಂದಕ್ಕೆ ಸಹಿ ಬಿದ್ದದ್ದು ಮಾರ್ಚ್ 11ರಂದು, ಅದೇ ತಪಸ್ಸುಕಾಲದ ನಡುವೆ. ಮದರಾಸು ಸರಕಾರದ ಆ ಕಾಲದ ಸೈನಿಕ ಕಡತಗಳು ಎಗ್ಮೋರಿನ ತಮಿಳುನಾಡು ಪತ್ರಾಗಾರದಲ್ಲಿವೆ. ಚೆನ್ನೈಯಲ್ಲಿರುವ ಕನ್ನಡ ಸಂಶೋಧಕರು ಫೆಬ್ರವರಿ 24, 25ರ ನಮೂದುಗಳನ್ನು ಈ ಒಂದು ಪ್ರಶ್ನೆ ಇಟ್ಟುಕೊಂಡು ಓದಬೇಕೆಂದು ಕೋರುತ್ತೇನೆ.