ಪಾತಾಳಗರಡಿಯ ಹಗ್ಗ

ವಾನಳ್ಳಿಯ ನಮ್ಮ ಕೇರಿಯಲ್ಲಿ ಬಾವಿಗಳು ಐದಾರು. ಪಾತಾಳಗರಡಿ ಮಾತ್ರ ಒಂದೇ. ಬಾವಿಗೆ ಕೊಡಪಾನ ಬಿದ್ದ ದಿನ ಮೇಲಿನ ಮನೆಗೆ ಓಡಿ ಅದನ್ನು ಕೇಳಿ ತರುವ ಕೆಲಸ ಹುಡುಗನಾದ ನನ್ನದು. ಕಬ್ಬಿಣದ ಬಳೆಗೆ ತೂಗುಬಿದ್ದ ಆ ಕೊಕ್ಕೆಗಳ ಗೊಂಚಲು ನನಗೊಂದು ಬೆರಗು. ಅಜ್ಜ ಮಾತ್ರ ಕೊಕ್ಕೆಗಳತ್ತ ನೋಡುತ್ತಲೇ ಇರಲಿಲ್ಲ. ಹಗ್ಗವನ್ನು ಬೆರಳುಗಳ ನಡುವೆ ಮೊಳಮೊಳವಾಗಿ ಎಳೆದು ಪರೀಕ್ಷಿಸಿ, ಗಂಟಿನ ಬಳಿ ಬಂದು ನಿಲ್ಲುತ್ತಿದ್ದ. "ಹಗ್ಗ ಹರಿಯದು ನಡುವೆ ಅಲ್ದೋ ತಮಾ, ಗಂಟಿನ ಬುಡದಲ್ಲಿ" ಎನ್ನುತ್ತಿದ್ದ.

ಒಮ್ಮೆ ಅಜ್ಜನಿಲ್ಲದಾಗ ನಾನೇ ಗಂಟು ಹಾಕಿ ಗರಡಿಯನ್ನು ಇಳಿಬಿಟ್ಟೆ. ಕೊಡಕ್ಕೆ ಕೊಕ್ಕೆ ಸಿಕ್ಕಿದ್ದು ಕೈಗೆ ತಿಳಿಯಿತು, ಎಳೆದೆ, ಬರಿಯ ಹಗ್ಗ ಮೇಲೆ ಬಂತು. ಕೊಡ ಹೋದದ್ದಿರಲಿ, ಇಡೀ ಕೇರಿಯ ಗರಡಿಯೇ ಹೋಯಿತಲ್ಲ! ಬೇಸಗೆಯಲ್ಲಿ ನೀರು ತಗ್ಗಿ ಆಳು ಬಾವಿಗಿಳಿಯುವ ತನಕ ನಾನು ಮೇಲಿನ ಮನೆಯವರ ಮುಖ ನೋಡಲಿಲ್ಲ.

ಈಗ ಕಡಲ ತಳಕ್ಕೆ ರೋಬೋಟುಗಳನ್ನು ಇಳಿಸುವ ಕಾಲ. ಕಣ್ಣಿಗೆ ಕ್ಯಾಮರಾ, ಕೈಗೆ ಉಕ್ಕಿನ ಇಕ್ಕಳ. ಆದರೆ ಉಪ್ಪುನೀರಿನಲ್ಲಿ ರೇಡಿಯೋ ಅಲೆ ದೂರ ಸಾಗಲಾರದು. ಆದ್ದರಿಂದ ಕೆಲಸದ ರೋಬೋಟುಗಳಲ್ಲಿ ಬಹುಪಾಲಿನವಕ್ಕೆ ವಿದ್ಯುತ್ತು ಇಳಿಯುವುದೂ, ಅವು ಕಂಡ ಚಿತ್ರ ಮೇಲೆ ಬರುವುದೂ ಹಡಗಿನಿಂದ ಇಳಿಬಿಟ್ಟ ಕೇಬಲಿನಲ್ಲೇ. ಹೊಕ್ಕುಳಬಳ್ಳಿಯೆಂದರೂ ಸಲ್ಲುತ್ತದೆ. ಇದರ ಚರಿತ್ರೆಯನ್ನು ಓದುವಾಗಲೆಲ್ಲ ನನಗೆ ಅಜ್ಜನ ಮಾತು ಕೇಳಿಸುತ್ತದೆ.

ಕಥೆ ಮೊದಲಾಗುವುದು ತಂತಿ ಟಪಾಲಿನಿಂದ. 1850ರಲ್ಲಿ ಇಂಗ್ಲೆಂಡಿಗೂ ಫ್ರಾನ್ಸಿಗೂ ನಡುವೆ ಕಡಲಡಿಯಲ್ಲಿ ತಂತಿ ಎಳೆದರು. ತಾಮ್ರಕ್ಕೆ ಮಲಯದ ಕಾಡುಮರದ ಗಟಾಪರ್ಚಾ ಎಂಬ ಅಂಟಿನ ಹೊದಿಕೆ, ಅಷ್ಟೆ. ಮೀನುಗಾರನೊಬ್ಬನ ಕೈಗೆ ಸಿಕ್ಕಿ ಅದು ಬೇಗನೆ ತುಂಡಾಯಿತು. ಮರುವರ್ಷ ಕಬ್ಬಿಣದ ಕವಚ ತೊಡಿಸಿದರು, ಅದು ಬಾಳಿತು. 1865ರಲ್ಲಿ ಗ್ರೇಟ್ ಈಸ್ಟರ್ನ್ ಹಡಗು ಅಟ್ಲಾಂಟಿಕಿನಲ್ಲಿ ಎಳೆಯುತ್ತಿದ್ದ ಕೇಬಲು ನಡುಗಡಲಿನಲ್ಲಿ ಹರಿದು ತಳ ಸೇರಿತು. 1866ರಲ್ಲಿ ಅದೇ ಹಡಗು ಮರಳಿ ಬಂದು, ಹೊಸದೊಂದನ್ನು ಹಾಸಿ, ಹಳೆಯದನ್ನೂ ಸುಮಾರು ನಾಲ್ಕು ಕಿಲೋಮೀಟರ್ ಆಳದಿಂದ ಎತ್ತಿತು. ಎತ್ತಿದ್ದು ಯಾವುದರಿಂದ? ಉದ್ದ ಹಗ್ಗದ ತುದಿಗೆ ಕಟ್ಟಿದ ಕೊಕ್ಕೆಗಳಿಂದ. ನಮ್ಮ ಪಾತಾಳಗರಡಿಯ ಅಣ್ಣನಿಂದ!

ಸರಿಯಾಗಿ ನೂರು ವರ್ಷದ ಮೇಲೆ, 1966ರಲ್ಲಿ, ಸ್ಪೇನಿನ ಪಾಲೊಮಾರೆಸ್ ಊರಿನ ಮೇಲೆ ಅಮೆರಿಕದ ಎರಡು ವಿಮಾನಗಳು ಡಿಕ್ಕಿಯಾಗಿ ಒಂದು ಹೈಡ್ರೋಜನ್ ಬಾಂಬು ಕಡಲಿಗೆ ಬಿತ್ತು. ತಿಂಗಳುಗಟ್ಟಲೆ ಹುಡುಕಿ ಕಂಡುಹಿಡಿದು ಹಗ್ಗ ಬಿಗಿದು ಎತ್ತಿದರೆ ಹಗ್ಗ ಹರಿಯಿತು. ಬಾಂಬು ಇನ್ನೂ ಆಳಕ್ಕೆ ಜಾರಿತು. ಕೊನೆಗೆ ಏಪ್ರಿಲ್ 7ರಂದು, ಸುಮಾರು 870 ಮೀಟರ್ ಆಳದಿಂದ ಅದನ್ನು ಮೇಲೆ ತಂದದ್ದು ಕೇಬಲಿನಿಂದ ನಡೆಸುವ ಕರ್ವ್ ಎಂಬ ಯಂತ್ರ. ಅದೂ ಬಾಂಬಿನ ಪ್ಯಾರಾಚೂಟಿಗೆ ಸಿಕ್ಕಿಕೊಂಡು, ಅದರ ಜೊತೆಯಲ್ಲೇ ಮೇಲೆ ಬಂತು.

ಜಪಾನಿನ ಕೈಕೋ 1995ರಲ್ಲಿ ಭೂಮಿಯ ಅತ್ಯಂತ ಆಳದ ಕಡಲ ಕಮರಿಗೆ, 10,911 ಮೀಟರಿಗೆ ಇಳಿದ ರೋಬೋಟು. ಹಡಗಿನಿಂದ ಇಳಿಯುವ 12 ಕಿಲೋಮೀಟರಿನ ಹಿರಿಯ ಕೇಬಲಿನ ತುದಿಗೆ ಒಂದು ಪೆಟ್ಟಿಗೆ. ಅಲ್ಲಿಂದ ರೋಬೋಟಿಗೆ 250 ಮೀಟರಿನ ಕಿರಿಯ ಕೇಬಲು. 2003ರ ಮೇ ತಿಂಗಳಲ್ಲಿ ಹರಿದದ್ದು ಕಿರಿಯದು. ರೋಬೋಟು ಮತ್ತೆ ಕೈಗೆ ಸಿಗಲಿಲ್ಲ. ನಮ್ಮವರೂ ಹಿಂದುಳಿದಿಲ್ಲ: ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆಯ ರೋಸಬ್ 6000 ಎಂಬ ಯಂತ್ರ 2010ರಲ್ಲಿ ಹಿಂದೂ ಮಹಾಸಾಗರದಲ್ಲಿ 5,289 ಮೀಟರ್ ಇಳಿದು ಕ್ಷೇಮವಾಗಿ ಮೇಲೆ ಬಂತು.

ಕೇಬಲನ್ನು ಆರಿಸುವುದೆಂದರೆ ಎರಡು ಕಷ್ಟಗಳ ನಡುವಿನ ರಾಜಿ. ದಪ್ಪವಾದರೆ ಹರಿವ ನೀರು ಅದನ್ನು ಎಳೆದೊಯ್ಯುತ್ತದೆ. ಸಪೂರವಾದರೆ ವಿದ್ಯುತ್ತು ದಾರಿಯಲ್ಲೇ ಸವೆಯುತ್ತದೆ. ಅದಕ್ಕೆಂದೇ ವೋಲ್ಟೇಜು ಏರಿಸಿ ಕಳಿಸುತ್ತಾರೆ. ಯಂತ್ರದ ಸಮೀಪದ ಭಾಗ ಮುಳುಗಲೂಬಾರದು, ತೇಲಲೂಬಾರದು. ಕೂಡಿಸುವಲ್ಲಿ ಭಾರವನ್ನೆಲ್ಲ ಗಟ್ಟಿ ನಾರಿಗೆ ಹೊರಿಸಿ, ತಾಮ್ರದ ತಂತಿಯನ್ನೂ ಕೂದಲೆಳೆಯ ಗಾಜನ್ನೂ ಸಡಿಲ ಬಿಡಬೇಕು. ನೀರು ನುಗ್ಗದಂತೆ ಅಂಟು ಎರೆಯಬೇಕು. ಬುಡದಲ್ಲಿ ತಟ್ಟನೆ ಬಾಗದಂತೆ ರಬ್ಬರಿನ ಆಸರೆ ಕೊಡಬೇಕು. ಮೇಲೆ ಬಂದ ಕೇಬಲನ್ನು ಸಿಹಿನೀರಿನಲ್ಲಿ ತೊಳೆದು, ಉದ್ದಕ್ಕೂ ಕೈಯಾಡಿಸಿ, ತಿರುಚು ಉಳಿಯದಂತೆ ಸುತ್ತಿಡಬೇಕು. ದಣಿದ ಬುಡವನ್ನು ಜಿಪುಣತನ ಮಾಡದೆ ಕತ್ತರಿಸಿ ಹೊಸದಾಗಿ ಕೂಡಿಸಬೇಕು. ಅಜ್ಜ ಮಾಡುತ್ತಿದ್ದುದೂ ಇದನ್ನೇ.

ಇದು ದೂರದ ಕಡಲಿನ ಮಾತೆಂದು ನಾನೂ ತಿಳಿದಿದ್ದೆ. ನಮ್ಮ ಸೀಮೆಯ ಶಾಲ್ಮಲೆ ಬೇಡ್ತಿಯನ್ನು ಕೂಡಿ, ಘಟ್ಟವಿಳಿದು ಗಂಗಾವಳಿ ಎನಿಸಿಕೊಳ್ಳುತ್ತಾಳೆ. 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು, ಜನರೂ ಲಾರಿಯೊಂದೂ ಆ ಹೊಳೆಯ ಪಾಲಾದರು. ನೆರೆಯ ಸೆಳೆತಕ್ಕೆ ಮುಳುಗುಗಾರರು ನಿಲ್ಲಲಾರದೆ ಹೋದರು. ಒಬ್ಬನ ಹಗ್ಗ ತುಂಡಾಗಿ ಅವನೇ ಕೊಚ್ಚಿಹೋಗಿ, ಪುಣ್ಯಕ್ಕೆ ಉಳಿದ. ನೀರಿನ ವೇಗ ಎರಡರಷ್ಟಾದರೆ ಹಗ್ಗದ ಮೇಲಿನ ಎಳೆತ ನಾಲ್ಕರಷ್ಟಾಗುತ್ತದೆ, ಮನುಷ್ಯನಾದರೇನು, ಯಂತ್ರವಾದರೇನು? ಗೋವೆಯಿಂದ ಹೂಳೆತ್ತುವ ಯಂತ್ರ ಬಂದು ಲಾರಿಯೂ ಚಾಲಕನ ದೇಹವೂ ಸಿಕ್ಕಾಗ ಸೆಪ್ಟೆಂಬರ್ 25. ಹತ್ತು ವಾರ ದಡದಲ್ಲಿ ಕಾದವರಿಗೆ ಹಗ್ಗದ ಬೆಲೆ ಗೊತ್ತು.

ಈಗ ನಮ್ಮ ಕೇರಿಯಲ್ಲಿ ಗರಡಿ ಕೇಳಲು ಯಾರೂ ಬರುವುದಿಲ್ಲ. ಬಾವಿಗಳಿಗೆ ಪಂಪು ಬಂದಿದೆ. ಕಳೆದ ಬೇಸಗೆಯಲ್ಲಿ ನಮ್ಮ ಬಾವಿಗೆ ಪಂಪು ಇಳಿಸಲು ಬಂದ ಹುಡುಗರು ತಂತಿಯ ಜೋಡಣೆಗೆ ಒಂದು ಸುತ್ತು ಟೇಪು ಸುತ್ತಿ ಎದ್ದರು. "ಇನ್ನೆರಡು ಸುತ್ತು ಹಾಕಿ ತಮಾ" ಎಂದೆ. ಮುದುಕನ ಮಾತಿಗೆ ಅವರು ನಕ್ಕರು. ಆದರೂ ಕೂತು ಸುತ್ತಿದರು.